ಸದ್ದು ಹುಡುಕಿದ್ದಕ್ಕೆ ಬಿಲ್ಲಿನಲ್ಲಿ ಸಾಲಿಲ್ಲ

ಹಳೇ ಕಾರಿನಲ್ಲಿ ಹೊಸದಾಗಿ ಸೇರಿಕೊಂಡ ಸದ್ದು ಓಡಿಸುವವನಿಗೆ ಮಾತ್ರ ಕೇಳಿಸುತ್ತದೆ. ಪಕ್ಕದಲ್ಲಿ ಕೂತವರು "ಯಾವ ಸೌಂಡು? ನಂಗೇನೂ ಕೇಳ್ತಿಲ್ವಲ್ಲ" ಅನ್ನುತ್ತಾರೆ. ಹಾಡು ಸ್ವಲ್ಪ ಜೋರು ಮಾಡಿದರೆ ನಮಗೂ ಕೇಳುವುದಿಲ್ಲ, ನಿಜ. ಆದರೆ ಒಂದು ಸಲ ಕಿವಿಗೆ ಬಿತ್ತೋ, ಮುಗೀತು. ಆಮೇಲೆ ಗಮನವೆಲ್ಲ ಅದರ ಮೇಲೇ. ಮುಂದೆ ರಸ್ತೆ ಕೆಟ್ಟಿರುವುದು ಕಂಡರೆ "ಈಗ ಬರುತ್ತೆ ನೋಡು" ಅಂತ ಕಾಯುತ್ತೇವೆ. ಬಂದರೆ ಸಿಟ್ಟು. ಬರದಿದ್ದರೆ ಇನ್ನೂ ಜಾಸ್ತಿ ಸಿಟ್ಟು.

ನಮ್ಮದು 2006ರ ಸ್ಯಾಂಟ್ರೊ. ಮನೆ ಶಿವಮೊಗ್ಗದಲ್ಲಿ, ಊರು ತೀರ್ಥಹಳ್ಳಿಯ ಹತ್ತಿರ. ಹಾಗಾಗಿ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿಕೊಂಡು ತುಂಗೆಯ ಪಕ್ಕದಲ್ಲೇ ಹೋಗುವ ಆ ರಸ್ತೆ ನಮ್ಮ ಕಾರಿಗೆ ಬಾಯಿಪಾಠ. ಒಂದು ಮಳೆಗಾಲ ಮುಗಿದು, ಗುಂಡಿಗಳಿಗೆ ಜಲ್ಲಿ ಡಾಂಬರು ಹಾಕಿ ತೇಪೆ ಹಚ್ಚಿದ ಮೇಲೆ ಈ ಸದ್ದು ಶುರುವಾಯಿತು. ಮುಂದೆ, ಎಡಗಡೆಯಿಂದ. ಟಿಕಟಿಕ ಟಿಕಟಿಕ. ಗಡಗಡ ಅಲ್ಲ, ಲೊಡಲೊಡ ಅಲ್ಲ, ತೆಳ್ಳಗಿನ ಕಬ್ಬಿಣದ ಸದ್ದು. 30–40ರ ಸ್ಪೀಡಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಇನ್ನೂ ಮೇಲೆ ಹೋದರೆ ಗಾಳಿ, ಟೈರಿನ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು. ಇದರಲ್ಲೊಂದು ವಿಚಿತ್ರ ಇತ್ತು. ದೊಡ್ಡ ಹಂಪ್ ದಾಟಿದರೆ ಸದ್ದಿಲ್ಲ. ಸಣ್ಣ ತೇಪೆಯ ಮೇಲೆ ಹೋದರೆ ಬರುತ್ತದೆ. ಏನಾದರೂ ಸಡಿಲ ಆಗಿದ್ದರೆ ದೊಡ್ಡ ಏಟಿಗೆ ತಾನೇ ಜೋರಾಗಿ ಬಡಿಯಬೇಕು?

ಕಿವಿಯ ಲೆಕ್ಕಾಚಾರ

ಸದ್ದು ಎಲ್ಲಿಂದ ಬಂತು ಅಂತ ನಮಗೆ ಗೊತ್ತಾಗುವುದು ಎರಡು ಕಿವಿ ಇರುವುದರಿಂದ. ಎಡಗಡೆಯ ಸದ್ದು ಎಡಕಿವಿಗೆ ಸ್ವಲ್ಪ ಮುಂಚೆ, ಸ್ವಲ್ಪ ಜೋರಾಗಿ ಮುಟ್ಟುತ್ತದೆ. ಈ 'ಮುಂಚೆ' ಅನ್ನುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಅಷ್ಟರಲ್ಲೇ ಮಿದುಳು ಲೆಕ್ಕ ಹಾಕಿ ದಿಕ್ಕು ಹೇಳಿಬಿಡುತ್ತದೆ. ಆದರೆ ಎಡ ಬಲ ಹೇಳುವಷ್ಟು ಸುಲಭವಾಗಿ ಅದು ಹಿಂದೆ ಮುಂದೆ ಹೇಳಲಾರದು, ಯಾಕೆಂದರೆ ನೇರ ಮುಂದಿನ ಸದ್ದೂ ನೇರ ಹಿಂದಿನ ಸದ್ದೂ ಎರಡೂ ಕಿವಿಗೆ ಒಟ್ಟಿಗೇ ಬರುತ್ತವೆ. ಬಯಲಿನಲ್ಲಿ ನಿಂತಿದ್ದರೆ ತಲೆ ಆಚೆ ಈಚೆ ತಿರುಗಿಸಿ ಪತ್ತೆ ಮಾಡುತ್ತೇವೆ. ಸ್ಟೀರಿಂಗ್ ಹಿಡಿದುಕೊಂಡು, ಎದುರಿಗೆ ಬಸ್ಸು ಬರುವಾಗ ತಲೆ ಎಲ್ಲಿ ತಿರುಗಿಸುವುದು?

ಕಾರಿನ ಒಳಗೆ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಸುತ್ತ ಗಾಜು. ಸದ್ದು ಅಲ್ಲಿ ಬಡಿದು ಇಲ್ಲಿ ಬಡಿದು ಕಿವಿಗೆ ಬರುತ್ತದೆ. ಅದಕ್ಕಿಂತ ದೊಡ್ಡ ಮೋಸ ತಗಡಿನದು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು. ಚಕ್ರದ ಹತ್ತಿರ ಹುಟ್ಟಿದ ನಡುಕ ಬಾಡಿಯ ಒಳಗೇ ಹರಿದು, ಎಲ್ಲೋ ಒಂದು ಅಗಲವಾದ ತಗಡನ್ನೋ ಪ್ಲಾಸ್ಟಿಕ್ಕನ್ನೋ ಅಲುಗಿಸಿ, ಅಲ್ಲಿಂದ ಗಾಳಿಗೆ ಇಳಿಯುತ್ತದೆ. ನಮ್ಮ ಕಿವಿ ಆ ಜಾಗವನ್ನೇ ತೋರಿಸುತ್ತದೆ. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತು: ಹೆಂಚು ಒಡೆದಿರುವುದು ಒಂದು ಕಡೆ, ನೀರು ರೀಪಿನ ಮೇಲೆ ಹರಿದು ಬಂದು ತೊಟ್ಟಿಕ್ಕುವುದು ಇನ್ನೊಂದು ಕಡೆ. ಕೆಳಗೆ ಪಾತ್ರೆ ಇಟ್ಟ ಜಾಗದಿಂದ ನೇರ ಮೇಲಕ್ಕೆ ಹತ್ತಿ ನೋಡಿದರೆ ಅಲ್ಲಿ ಹೆಂಚು ಸರಿಯಾಗೇ ಇರುತ್ತದೆ.

ಮೊದಲು ಡಿಕ್ಕಿ ಖಾಲಿ ಮಾಡಿ

ಸದ್ದು ಹುಡುಕಲು ಹೊರಟವರು ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಇದು. ಪುಕ್ಕಟೆ ಕೆಲಸ, ಆದರೂ ಯಾರೂ ಮಾಡುವುದಿಲ್ಲ. ಜ್ಯಾಕು, ಪಾನಾ, ಸ್ಟೆಪ್ನಿಯ ಬೋಲ್ಟು, ನೀರಿನ ಕ್ಯಾನು, ಕೊಡೆ, ಯಾವುದೋ ಮದುವೆಯ ತಾಂಬೂಲದ ಚೀಲದಲ್ಲಿ ಉಳಿದ ತೆಂಗಿನಕಾಯಿ, ಎಲ್ಲವನ್ನೂ ಅಂಗಳದಲ್ಲಿ ಇಳಿಸಬೇಕು. ಡ್ಯಾಶ್‌ಬೋರ್ಡಿನ ಖಾನೆಯನ್ನೂ, ಬಾಗಿಲ ಜೇಬುಗಳನ್ನೂ ಜಾಲಾಡಬೇಕು. ನಮ್ಮ ಕಾರಿನ ಬಾಗಿಲಲ್ಲಿ ಚಿಲ್ಲರೆ ಕಾಸಿನ ಜೊತೆ ಒಣಗಿದ ಅಡಿಕೆ ಸಿಕ್ಕಿತು. ಮಲೆನಾಡಿನ ಕಾರಿನಲ್ಲಿ ಇದು ದೊಡ್ಡ ವಿಷಯ ಅಲ್ಲ ಬಿಡಿ.

ಆಮೇಲೆ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ಅವಳಿಗೆ ಕೊಟ್ಟ ಕೆಲಸ, ಅಲುಗಾಡಬಹುದಾದ ಒಂದೊಂದನ್ನೇ ಕೈಯಲ್ಲಿ ಒತ್ತಿ ಹಿಡಿಯುವುದು. ಹಿಂದಿನ ಗಾಜಿನ ಕೆಳಗಿನ ಹಲಗೆ, ತಲೆದಿಂಬಿನ ಸರಳು, ಗಾಜು ಇಳಿಸುವ ಹ್ಯಾಂಡಲ್ಲು. ಗಾಜನೂರು ಬರುವಷ್ಟರಲ್ಲಿ ಅಮ್ಮನ ತಾಳ್ಮೆ ಮುಗಿದಿತ್ತು. "ನೀನು ಕಾರು ಓಡಿಸ್ತಿದೀಯೋ, ಸದ್ದು ಅಟ್ಟಿಸ್ಕೊಂಡು ಹೋಗ್ತಿದೀಯೋ? ಎದುರಿಗೆ ಹಸು ಇದೆ ನೋಡೋ" ಅಂದಳು. ಅಷ್ಟು ಹೇಳಿ ಪಕ್ಕದ ಕಂಬಕ್ಕೆ ನೇತುಬಿದ್ದಿದ್ದ ಸೀಟ್ ಬೆಲ್ಟಿನ ಕೊಂಡಿಯನ್ನು ಹಿಡಿದಳು. ಸದ್ದು ಅರ್ಧ ಕಡಿಮೆಯಾಯಿತು. ಬಿಟ್ಟಳು, ಜಾಸ್ತಿಯಾಯಿತು. "ಇದೇ ಕಣೋ. ಇಷ್ಟಕ್ಕೆ ಇಷ್ಟು ದೂರ ಬರ್ಬೇಕಿತ್ತಾ?"

ಅದು ಒಂದು ಸದ್ದು, ಅಷ್ಟೇ. ಕೊಂಡಿ ಪ್ಲಾಸ್ಟಿಕ್ಕಿಗೆ ಬಡಿಯುವುದು ನಿಂತ ಮೇಲೆ ಅಸಲು ಟಿಕಟಿಕ ಮೊದಲಿಗಿಂತ ಚೆನ್ನಾಗಿ ಕೇಳತೊಡಗಿತು. ಹಳೇ ಕಾರಿನಲ್ಲಿ ಸದ್ದುಗಳು ಒಂದರ ಹಿಂದೆ ಒಂದು ಅಡಗಿಕೊಂಡಿರುತ್ತವೆ. ಮುಂದಿನದನ್ನು ತೆಗೆದರೆ ಹಿಂದಿನದು ಹೊರಬರುತ್ತದೆ. ಇದು ಹಳೇ ಕಾರಿನ ಕಥೆ ಮಾತ್ರ ಅಲ್ಲ. 1958ರಲ್ಲಿ ಹೆಸರಾಂತ ಜಾಹೀರಾತು ಬರಹಗಾರ ಡೇವಿಡ್ ಓಗಿಲ್ವಿ ರೋಲ್ಸ್ ರಾಯ್ಸ್ ಕಾರಿಗೆ ಬರೆದ ಜಾಹೀರಾತು ನಿಂತಿರುವುದೇ ಇದರ ಮೇಲೆ. ಗಂಟೆಗೆ 60 ಮೈಲಿ ವೇಗದಲ್ಲಿ ಆ ಕಾರಿನೊಳಗೆ ಎಲ್ಲಕ್ಕಿಂತ ಜೋರಾದ ಸದ್ದು ಗಡಿಯಾರದ್ದಂತೆ. ಹೊಗಳಿಕೆಯೇ ಸರಿ. ಆದರೆ ಸದ್ದು ಹುಡುಕುವ ಚಟ ಇರುವವನ ಕೈಗೆ ಆ ಕಾರು ಸಿಕ್ಕಿದ್ದರೆ ಗಡಿಯಾರ ಬಿಚ್ಚುತ್ತಿದ್ದ. ಈಗ ಎಲೆಕ್ಟ್ರಿಕ್ ಕಾರುಗಳಲ್ಲೂ ಇದೇ ತಾಪತ್ರಯ. ಇಂಜಿನ್ನಿನ ಸದ್ದಿನ ಮರೆ ಇಲ್ಲ, ಹಾಗಾಗಿ ಮೊದಲು ಯಾರಿಗೂ ಕೇಳದಿದ್ದ ಸಣ್ಣ ಪ್ಲಾಸ್ಟಿಕ್ಕಿನ ಕಿರಿಕಿರಿಯೂ ಕಿವಿಗೆ ಬೀಳುತ್ತದೆ.

ಎಲ್ಲಿ ಅಂತ ಆಮೇಲೆ, ಯಾವಾಗ ಅಂತ ಮೊದಲು

ಕಿವಿಯನ್ನು ನಂಬುವ ಹಾಗಿಲ್ಲ ಅಂದಮೇಲೆ ಕೇಳಬೇಕಾದ ಪ್ರಶ್ನೆ ಬೇರೆ. ಸದ್ದು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ? ಕಾರು ನಿಂತಿದ್ದಾಗ ಆಕ್ಸಿಲರೇಟರ್ ಒತ್ತಿದರೆ ಬರುತ್ತದಾ? ಹಾಗಿದ್ದರೆ ಇಂಜಿನ್ ಕಡೆಯದು, ಇಲ್ಲವೇ ಸೈಲೆನ್ಸರಿನದು. ಸೈಲೆನ್ಸರ್ ಕೊಳವೆಯ ಮೇಲೆ ಶಾಖ ತಡೆಯಲು ಒಂದು ತೆಳು ತಗಡಿನ ಹೊದಿಕೆ ಇರುತ್ತದೆ. ಅದರ ಬೋಲ್ಟಿನ ಸುತ್ತ ತುಕ್ಕು ತಿಂದು ತೂತು ದೊಡ್ಡದಾದರೆ, ಇಂಜಿನ್ ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಮಾತ್ರ ಝರ್ರ್ ಅನ್ನುತ್ತದೆ, ಆ ವೇಗ ದಾಟಿದರೆ ಸುಮ್ಮನಾಗುತ್ತದೆ. ಸದ್ದು ಕಾರಿನ ವೇಗದ ಜೊತೆ ಏರಿಳಿದರೆ, ನ್ಯೂಟ್ರಲ್‌ಗೆ ಹಾಕಿ ತೇಲಿಬಿಟ್ಟರೂ ಹಾಗೇ ಇದ್ದರೆ ಚಕ್ರದ ಕಡೆ ನೋಡಬೇಕು. ಗುಂಡಿಗೆ ಮಾತ್ರ ಬಂದರೆ ಚಕ್ರದ ಏಟು ತಡೆಯುವ ಸಸ್ಪೆನ್ಷನ್ನಿನ ರಬ್ಬರ್ ಬುಶ್ಶು, ಚಕ್ರವನ್ನು ಹಿಡಿದಿಟ್ಟು ತಿರುಗಲು ಬಿಡುವ ಬಾಲ್ ಜಾಯಿಂಟು, ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟು. ಅಥವಾ ಬ್ಯಾಟರಿಯ ಕ್ಲಾಂಪು. ಅದನ್ನು ಮಾತ್ರ ಯಾರೂ ನೋಡುವುದಿಲ್ಲ.

ಕೆಲವು ಸದ್ದುಗಳ ಜೊತೆ ಸಲುಗೆ ಬೇಡ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟ್ ಕಟ್ ಕಟ್ ಅಂದರೆ ಮುಂದಿನ ಆಕ್ಸಲಿನ ಹೊರಗಿನ ಜಾಯಿಂಟ್ ಸವೆದಿರುವುದೇ ಹೆಚ್ಚು. ಗುಂಯ್ ಅನ್ನುವ ಸದ್ದು ತಿರುವಿನಲ್ಲಿ ಹೆಚ್ಚು ಕಡಿಮೆ ಆದರೆ ವೀಲ್ ಬೇರಿಂಗ್ ಮೇಲೆ ಅನುಮಾನ. ಚಕ್ರ ಬಿಚ್ಚಿ ಹಾಕಿದ ಮರುದಿನ ಏನೇ ಹೊಸ ಸದ್ದು ಬಂದರೂ ಮೊದಲು ಕಾರು ನಿಲ್ಲಿಸಿ ವೀಲ್ ನಟ್ ನೋಡಿ. ಬಾಲ್ ಜಾಯಿಂಟ್ ಅನುಮಾನ ಬಂದರೆ ಘಾಟಿ ಇಳಿಯುವ ಮಾತೇ ಬೇಡ.

ಚೀಲದಲ್ಲಿ ಹಾಕಿಕೊಟ್ಟ ಹಳೇ ಸ್ಪೇರು

ನಮ್ಮದು ಚಕ್ರದ ಕಡೆಯದು ಅನ್ನುವಷ್ಟು ಖಾತ್ರಿ ಆದ ಮೇಲೆ ಒಂದು ದೊಡ್ಡ ಸರ್ವೀಸ್ ಸೆಂಟರಿಗೆ ಕಾರು ಬಿಟ್ಟೆ. ಕೈಯಲ್ಲಿ ಟ್ಯಾಬ್ ಹಿಡಿದ ಹುಡುಗ ವಿನಯದಿಂದಲೇ ಕೇಳಿಸಿಕೊಂಡ. ಹಂಪ್ ಮೇಲೆ ಬರಲ್ಲ, ತೇಪೆ ಮೇಲೆ ಬರುತ್ತೆ ಅಂದಾಗ ಸಣ್ಣಗೆ ನಕ್ಕ. ಟ್ಯಾಬಿನಲ್ಲಿ ಅದನ್ನು ಬರೆಯಲು ಜಾಗ ಇರಲಿಲ್ಲ ಅಂತ ಕಾಣುತ್ತದೆ. 'ಸಸ್ಪೆನ್ಷನ್ ನಾಯ್ಸ್' ಅಂತ ಒಂದನ್ನು ಒತ್ತಿದ. ಟ್ರಯಲ್‌ಗೆ ಅಂತ ಅವರ ಗೇಟಿನ ಮುಂದಿನ ರಸ್ತೆಯಲ್ಲಿ ಸುತ್ತು ಹಾಕಿದೆವು. ಆಟೋ, ಸ್ಕೂಟರು, ಸಿಗ್ನಲ್ಲು. ಕಾರು ಒಂದು ಸಲವೂ ಬಾಯಿ ಬಿಡಲಿಲ್ಲ.

ಆಮೇಲೆ ಲಿಫ್ಟಿನ ಮೇಲೆ ಏರಿಸಿ ನೋಡಿದರು. ಲಿಫ್ಟಿನಲ್ಲಿ ಇನ್ನೊಂದು ಎಡವಟ್ಟಿದೆ. ಬಾಡಿಯ ಕೆಳಗೆ ಲಿಫ್ಟಿನ ತೋಳು ಕೊಟ್ಟು ಎತ್ತಿದಾಗ ಚಕ್ರಗಳು ಕೆಳಗೆ ಜೋತುಬೀಳುತ್ತವೆ. ರಸ್ತೆಯ ಮೇಲೆ ಕಾರಿನ ಭಾರ ಹೊತ್ತಾಗ ಬುಶ್ಶು, ಜಾಯಿಂಟುಗಳು ಇರುವ ಸ್ಥಿತಿಯೇ ಬೇರೆ, ಅಲ್ಲಿ ಇರುವ ಸ್ಥಿತಿಯೇ ಬೇರೆ. ಸಡಿಲ ಇದ್ದದ್ದು ಬಿಗಿ ಅನ್ನಿಸಬಹುದು, ಬಿಗಿ ಇದ್ದದ್ದು ಸಡಿಲ. ಸರಳು ಹಾಕಿ ಮೀಟಿ ನೋಡಿ, ಚಕ್ರವನ್ನು ಕಾರಿನ ಬಾಡಿಯ ಜೊತೆ ಜೋಡಿಸುವ ಲೋಯರ್ ಆರ್ಮಿನ ಬುಶ್ ಸವೆದಿದೆ, ಎಡಗಡೆ ಮೇಲಿನ ಮೌಂಟ್ ಹೋಗಿದೆ ಅಂದರು. ಎರಡನ್ನೂ ಬದಲಾಯಿಸಿದರು. 6 ಸಾವಿರ ಚಿಲ್ಲರೆ. ಹಳೇ ಸ್ಪೇರುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿ ಇಟ್ಟುಕೊಟ್ಟರು. ಬಿರುಕು ಬಿಟ್ಟ ರಬ್ಬರು ಕಣ್ಣಿಗೆ ಕಾಣುತ್ತಿತ್ತು. ಅವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಅಷ್ಟು ವರ್ಷದ ರಬ್ಬರು ಬದಲಾಗಬೇಕಾದದ್ದೇ. ಸ್ಟೀರಿಂಗ್ ಕೂಡ ಬಿಗಿಯಾಯಿತು. ಟಿಕಟಿಕ ಮಾತ್ರ ಗಾಜನೂರಿನ ತೇಪೆಯಲ್ಲಿ ಹಾಗೇ ಬಂತು. ಈಗ ಅದರ ಜೊತೆ ಡಿಕ್ಕಿಯಲ್ಲಿ ಹಳೇ ಸ್ಪೇರಿನ ಚೀಲದ ಸದ್ದೂ ಸೇರಿಕೊಂಡಿತ್ತು.

ಯೋಚಿಸಿ ನೋಡಿದರೆ ಅವರಿಗೆ ಬೇರೆ ದಾರಿಯೂ ಇಲ್ಲ. ಅಲ್ಲಿ ಒಂದೊಂದು ಕೆಲಸಕ್ಕೂ ಇಷ್ಟು ಹೊತ್ತು, ಇಷ್ಟು ಲೇಬರ್ ಅಂತ ಮೊದಲೇ ನಿಗದಿಯಾಗಿರುತ್ತದೆ. ಬುಶ್ ಬದಲಾಯಿಸಲು ಇಷ್ಟು, ಕ್ಲಚ್ ಪ್ಲೇಟ್‌ಗೆ ಇಷ್ಟು. 'ಗಿರಾಕಿಯ ಜೊತೆ ಊರ ಹೊರಗೆ ಹೋಗಿ ಸುಮ್ನೆ ಕೂತು ಕೇಳಿಸಿಕೊಂಡಿದ್ದಕ್ಕೆ' ಅಂತ ಒಂದು ಸಾಲು ಆ ಪಟ್ಟಿಯಲ್ಲಿ ಎಲ್ಲಿ ಬರಬೇಕು? ಸಂಜೆಯೊಳಗೆ ಇಷ್ಟು ಗಾಡಿ ಹೊರಹೋಗಬೇಕು ಅನ್ನುವ ಕಡೆ ಹುಡುಕುವುದು ನಷ್ಟದ ಬಾಬತ್ತು, ಬದಲಾಯಿಸುವುದು ಲಾಭದ್ದು. ಅದೃಷ್ಟ ಇದ್ದರೆ ಬದಲಾಯಿಸಿದ ಸ್ಪೇರಿನ ಜೊತೆ ಸದ್ದೂ ಹೋಗುತ್ತದೆ.

ಹಿಂದಿನ ಸೀಟಿನಲ್ಲಿ ಭಾಯ್

ಸಾಗರ ರಸ್ತೆಯ ಕಡೆ ಒಂದು ಸಣ್ಣ ಗ್ಯಾರೇಜಿದೆ. ತಗಡಿನ ಶೀಟು, ಮುಂದೆ ಎಣ್ಣೆ ಕುಡಿದ ಕಪ್ಪು ಮಣ್ಣು. ಅದನ್ನು ನಡೆಸುವವರನ್ನು ಎಲ್ಲರೂ ಭಾಯ್ ಅಂತಲೇ ಕರೆಯುವುದು. ವಯಸ್ಸಾಗಿದೆ, ಈಗ ಕೆಳಗೆ ಮಲಗುವ ಕೆಲಸವೆಲ್ಲ ಹುಡುಗರದ್ದು. ಸದ್ದಿನ ಕಥೆ ಹೇಳಿದೆ. ಹಂಪ್, ತೇಪೆ ವಿಷಯ ಬಂದಾಗ ಅವರು ನಗಲಿಲ್ಲ. "ಹಂಪ್ ಮೇಲೆ ಬರಲ್ವಾ? ಇಳಿದ ಮೇಲೆ?" ಅಂತ ಕೇಳಿದರು. ಇಳಿದ ಮೇಲೆ ಒಂದೊಂದ್ಸಲ ಬರುತ್ತೆ ಅಂದೆ. "ನಡೀರಿ ಸಾರ್, ನೀವೇ ಓಡ್ಸಿ" ಅಂತ ಹಿಂದಿನ ಎಡಸೀಟಿನಲ್ಲಿ ಕೂತರು.

ಊರು ದಾಟಿದ ಮೇಲೆ ಒಂದೊಂದಾಗಿ ಹೇಳುತ್ತಾ ಬಂದರು. ಹಾಡು ಆಫ್ ಮಾಡಿ. ಎಸಿ, ಫ್ಯಾನು ಎರಡೂ ಆಫ್. ಗಾಜು ಇಳಿಸಿ. ಒಂದು ಉದ್ದನೆಯ ಕಾಂಪೌಂಡ್ ಗೋಡೆ ಬಂದಾಗ "ಗೋಡೆ ಪಕ್ಕಕ್ಕೆ ತಗೊಳ್ಳಿ, ನಿಧಾನ" ಅಂದರು. ಚಕ್ರದ ಹತ್ತಿರದ ಸದ್ದು ಗೋಡೆಗೆ ಬಡಿದು ಕಿಟಕಿಯಿಂದ ಒಳಗೆ ಬರುತ್ತದೆ. ಬಯಲಿನಲ್ಲಾದರೆ ಅದು ಹೊರಗೇ ಹೋಗಿಬಿಡುತ್ತದೆ. ಗೋಡೆ ಪಕ್ಕ ಟಿಕಟಿಕ ಸೂಜಿ ಚುಚ್ಚುವಷ್ಟು ಸ್ಪಷ್ಟವಾಗಿ ಕೇಳಿತು. ಆಮೇಲೆ ನ್ಯೂಟ್ರಲ್ ಮಾಡಿಸಿದರು. ಸದ್ದು ಹಾಗೇ ಇತ್ತು. ನಾನು ಏನೋ ಹೇಳಲು ಹೋದೆ. "ಮಾತಾಡ್ಬೇಡಿ ಸಾರ್" ಅಂದರು. ಕನ್ನಡಿಯಲ್ಲಿ ನೋಡಿದರೆ ಕಣ್ಣು ಮುಚ್ಚಿಕೊಂಡು, ಎರಡು ಬೆರಳನ್ನು ಬಾಗಿಲ ಕೆಳಗಿನ ತಗಡಿಗೆ ಒತ್ತಿ ಕೂತಿದ್ದರು.

ತೇಪೆಗಳ ಸಾಲು ಬಂತು.

"ಬ್ರೇಕ್ ಮೇಲೆ ಕಾಲಿಡಿ. ನಿಲ್ಲಿಸ್ಬೇಡಿ, ಸುಮ್ನೆ ಕಾಲಿಡಿ, ಅಷ್ಟೇ."

ಇಟ್ಟೆ. ಸದ್ದು ನಿಂತಿತು.

"ಬಿಡಿ."

ಬಂತು.

"ಇಡಿ."

ನಿಂತಿತು.

"ಸಾಕು, ತಿರುಗ್ಸಿ."

ವಾಪಸ್ ಬಂದು ಎಡಚಕ್ರ ಬಿಚ್ಚಿಸಿದರು. ಭಾಯ್ ಕೆಳಗೆ ಕೂತು ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡುಗಳಿಂದ ಒತ್ತಿ ಹಿಡಿಯುವ ಬ್ರೇಕ್ ಕ್ಯಾಲಿಪರಿನ ಸಂದಿಯಲ್ಲಿ ಸ್ಕ್ರೂಡ್ರೈವರ್ ಇಟ್ಟು ಪ್ಯಾಡನ್ನು ಮೆಲ್ಲಗೆ ಮೀಟಿದರು. ಟಿಕ್. ಅದೇ ಸದ್ದು. ಪ್ಯಾಡಿನ ಎರಡು ತುದಿಯಲ್ಲೂ ಕಿವಿಯಂಥ ಚಾಚು ಇರುತ್ತದೆ. ಅದು ಬ್ರಾಕೆಟ್ಟಿನ ತೋಡಿನೊಳಗೆ ಕೂರುತ್ತದೆ. ಕಿವಿಗೂ ತೋಡಿಗೂ ನಡುವೆ ಸ್ಪ್ರಿಂಗಿನ ಹಾಗೆ ಒತ್ತುವ ಒಂದು ಕಾಗದದಷ್ಟು ತೆಳುವಾದ ಉಕ್ಕಿನ ಕ್ಲಿಪ್ ಇರಬೇಕು. ಬಲಚಕ್ರದಲ್ಲಿ ಇತ್ತು. ಎಡಗಡೆ ಇರಲೇ ಇಲ್ಲ. ಮಳೆಗಾಲಕ್ಕೆ ಮುಂಚೆ ಬೇರೊಂದು ಕಡೆ ಪ್ಯಾಡ್ ಬದಲಾಯಿಸಿದ್ದೆ. ಹಳೇ ಪ್ಯಾಡಿನ ಜೊತೆ ಕ್ಲಿಪ್ಪನ್ನೂ ಎಸೆದಿದ್ದಾರೆ. ಬ್ರೇಕ್ ಹಿಡಿಯುವುದರಲ್ಲಿ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಆದರೆ ಕಾಲು ತೆಗೆದ ತಕ್ಷಣ ಪ್ಯಾಡು ತನ್ನ ತೋಡಿನಲ್ಲಿ ಸಡಿಲವಾಗಿ ಕುಣಿಯುತ್ತಿತ್ತು. ಕಾಲಿಟ್ಟರೆ ಡಿಸ್ಕನ್ನು ಒತ್ತಿಕೊಂಡು ಸುಮ್ಮನಾಗುತ್ತಿತ್ತು. ಹಂಪಿನ ಮೇಲೆ ಬರದೆ ತೇಪೆಯ ಮೇಲೆ ಬರುತ್ತಿದ್ದದ್ದು ಇದಕ್ಕೇ. ಹಂಪ್ ಬಂದರೆ ಎಲ್ಲರ ಕಾಲೂ ಬ್ರೇಕಿನ ಮೇಲೇ ಇರುತ್ತದೆ, ಅಲ್ವಾ? ಪೇಟೆಯ ಟ್ರಾಫಿಕ್ಕಿನಲ್ಲಿ ಟ್ರಯಲ್ ನೋಡಿದಾಗ ಬರದೇ ಇದ್ದದ್ದೂ ಇದಕ್ಕೇ.

ಭಾಯ್ ಗೋಡೆಯ ಗೂಡಿನಿಂದ ಒಂದು ಡಬ್ಬ ತೆಗೆದು ಮೇಜಿನ ಮೇಲೆ ಸುರಿದರು. ಎಷ್ಟೋ ಗಾಡಿಗಳಿಂದ ಬಿಚ್ಚಿಟ್ಟ ಕ್ಲಿಪ್ಪು, ಪಿನ್ನು, ವಾಷರು. ಬಲಚಕ್ರದ್ದನ್ನು ಮಾದರಿಗೆ ಇಟ್ಟುಕೊಂಡು, ಬೆರಳಲ್ಲಿ ಕೆದಕಿ ಕೆದಕಿ ಹೊಂದುವಂಥ ಜೊತೆ ಆರಿಸಿದರು. ತಂತಿ ಬ್ರಷ್ಷಿನಲ್ಲಿ ತೋಡು ಉಜ್ಜಿ, ಕ್ಯಾಲಿಪರ್ ಜಾರುವ ಪಿನ್ನಿಗೆ ಗ್ರೀಸ್ ಹಚ್ಚಿ ಕೂರಿಸಿದರು. ಎಷ್ಟು ಭಾಯ್ ಅಂದರೆ "ಇನ್ನೂರು ಕೊಡಿ" ಅಂದರು.

ಹುಡುಕಿದ್ದಕ್ಕೆ ಎಷ್ಟು?

ಈ 200 ರೂಪಾಯಿ ನನ್ನನ್ನು ಟಿಕಟಿಕಕ್ಕಿಂತ ಜಾಸ್ತಿ ಕಾಡಿತು. ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟೆ, ಅದು ಬೇರೆ ಮಾತು. ಆದರೆ ಅವರು ಲೆಕ್ಕ ಹಾಕಿದ್ದು ಚಕ್ರ ಬಿಚ್ಚಿ ಹಾಕಿದ್ದಕ್ಕೆ. ಊರಾಚೆ ಬಂದು ಕಣ್ಣು ಮುಚ್ಚಿ ಕೂತಿದ್ದಕ್ಕೆ ಅವರ ಲೆಕ್ಕದಲ್ಲೂ ಏನೂ ಇರಲಿಲ್ಲ. ಸರ್ವೀಸ್ ಸೆಂಟರಿನ ಕಂಪ್ಯೂಟರಿನಲ್ಲಿ ಇಲ್ಲದ ಸಾಲು ಭಾಯ್ ತಲೆಯಲ್ಲೂ ಇಲ್ಲ.

ಇದಕ್ಕೆ ಕಾರಣ ಗ್ಯಾರೇಜಿನವರಲ್ಲ, ಗಿರಾಕಿಗಳು. ನನ್ನ ಭಾವನ ಕಾರಿನಲ್ಲಿ ಝರ್ರ್ ಅನ್ನುವ ಸದ್ದು ಬರುತ್ತಿತ್ತು. ನಾನೇ ಕರೆದುಕೊಂಡು ಹೋದೆ. ಭಾಯ್ ಮತ್ತೆ ಹಿಂದೆ ಕೂತು ಸುತ್ತಾಡಿ ಬಂದು, ಸೈಲೆನ್ಸರಿನ ಆ ತಗಡಿನ ಹೊದಿಕೆಯೇ ಅಂತ ಕಂಡುಹಿಡಿದರು. ಬೋಲ್ಟ್ ಕೂರುವ ಜಾಗ ತುಕ್ಕು ತಿಂದಿತ್ತು. ಸುತ್ತ ಒಂದು ದೊಡ್ಡ ಕ್ಲಾಂಪ್ ಹಾಕಿ ಬಿಗಿದರು. 500 ಕೇಳಿದರು. ಭಾವ "ಒಂದು ಕ್ಲಾಂಪಿಗೆ ಐನೂರಾ?" ಅಂತ ಚೌಕಾಸಿ ಮಾಡಿ 300ಕ್ಕೆ ಇಳಿಸಿದ. ಭಾವ ಕಂಜೂಸ್ ಅಲ್ಲ. ಸೈಲೆನ್ಸರೇ ಹೋಗಿದೆ ಅಂತ ಹೇಳಿ ಬದಲಾಯಿಸಿದ್ದರೆ ನಾಲ್ಕೈದು ಸಾವಿರವನ್ನು ಗೊಣಗದೆ ಕೊಡುತ್ತಿದ್ದ. ತುಕ್ಕು ಹಿಡಿದ ಹಳೇ ಸೈಲೆನ್ಸರ್ ಡಿಕ್ಕಿಯಲ್ಲಿ ಇರುತ್ತಿತ್ತು, ದುಡ್ಡು ಎಲ್ಲಿಗೆ ಹೋಯಿತು ಅಂತ ಕಣ್ಣಿಗೆ ಕಾಣುತ್ತಿತ್ತು. ಸದ್ದು ನಿಂತಿದ್ದನ್ನು ಚೀಲದಲ್ಲಿ ಹಾಕಿ ತೋರಿಸುವುದು ಹೇಗೆ? ಎಷ್ಟು ಬೇಗ ಹುಡುಕಿದರೆ ಅಷ್ಟು ಕಡಿಮೆ ಕೆಲಸ ಮಾಡಿದ ಹಾಗೆ ಕಾಣುತ್ತದೆ. ಗುರಿ ತಪ್ಪಿ ನಾಲ್ಕು ಕಡೆ ಬಿಚ್ಚಿದವನಿಗೆ ನಾಲ್ಕರ ದುಡ್ಡು, ನೇರ ಜಾಗಕ್ಕೆ ಹೋದವನಿಗೆ ಒಂದು ಕ್ಲಾಂಪಿನ ದುಡ್ಡು. ಹೀಗಿರುವಾಗ ಭಾಯ್ ಹತ್ತಿರ ಕೆಲಸ ಕಲಿಯುವ ಹುಡುಗರು ಯಾವುದನ್ನು ಕಲಿಯುತ್ತಾರೆ ಹೇಳಿ. ಅವರ ಕೈ ಚುರುಕು, ಕ್ಲಚ್ ಪ್ಲೇಟನ್ನು ಭಾಯ್‌ಗಿಂತ ಬೇಗ ಹಾಕುತ್ತಾರೆ. ಟ್ರಯಲ್‌ಗೆ ಬನ್ನಿ ಅಂದರೆ ಫೋನ್ ನೋಡುತ್ತಾ ಕೂರುತ್ತಾರೆ.

ಭಾವ ಚೌಕಾಸಿ ಮಾಡಿದ್ದಕ್ಕೋ ಏನೋ, ಅಥವಾ ಅಂಥವರು ಜಾಸ್ತಿ ಆಗಿದ್ದಕ್ಕೋ, ಭಾಯ್ ಈಚೆಗೆ ಒಂದು ನಿಯಮ ಮಾಡಿದ್ದಾರೆ. ಸೌಂಡ್ ಕಂಪ್ಲೇಂಟ್ ತಂದರೆ ಗಾಡಿ ಹತ್ತುವ ಮೊದಲೇ 300. ಸಿಕ್ಕರೂ 300, ಸಿಗದಿದ್ದರೂ 300. ರಿಪೇರಿ ಖರ್ಚು ಬೇರೆ. ಮೊನ್ನೆ ನಾನು ಅಲ್ಲಿದ್ದಾಗಲೇ ಒಬ್ಬರು ದೊಡ್ಡ ಗಾಡಿಯವರು ಬಂದು, "ಸಿಗದಿದ್ರೂ ಯಾಕ್ರೀ ಕೊಡ್ಬೇಕು?" ಅಂತ ವಾದ ಮಾಡಿ ಹೊರಟುಹೋದರು. ಭಾಯ್ ತಲೆ ಎತ್ತಲಿಲ್ಲ. ಅವರ ಹಿಂದೆ ನಿಂತಿದ್ದ ಹಳೇ ಓಮ್ನಿಯವನು ಮಾತಿಲ್ಲದೆ ದುಡ್ಡು ಎಣಿಸಿ ಕೊಟ್ಟ. ಪೆಟ್ರೋಲ್ ಇದೆಯಾ ಅಂತ ಭಾಯ್ ಕೇಳಿದರು. ಅದು ಆ 300ರಲ್ಲಿ ಸೇರಿಲ್ಲ, ಗಾಡಿಯವರದ್ದೇ.